ನದಿಗೆಸೆದ ಬೀಗದ ಕೈ

1860ರ ದಶಕದ ಕೊನೆಯ ಮಾತು. ಇಂಗ್ಲೆಂಡಿನ ಬ್ರಿಸ್ಟಲ್ ಪಕ್ಕದ ಕ್ಲಿಫ್ಟನ್ನಿನಲ್ಲಿ ಜಾನ್ ಅಡಿಂಗ್ಟನ್ ಸೈಮಂಡ್ಸ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸನಿದ್ದ. ಗಂಡು ಗಂಡನ್ನು ಪ್ರೀತಿಸುವ ವಿಚಾರವಾಗಿ ಗುಟ್ಟಾಗಿ ಪದ್ಯ ಬರೆದು ಗುಡ್ಡೆ ಹಾಕಿದ್ದ. ಕೇಂಬ್ರಿಡ್ಜಿನಿಂದ ಬಂದ ಗೆಳೆಯ ಹೆನ್ರಿ ಸಿಜ್‌ವಿಕ್ ಅವನ್ನು ಓದಿ ಗಾಬರಿಬಿದ್ದ. ಇವು ಯಾರ ಕೈಗಾದರೂ ಸಿಕ್ಕರೆ ನಿನ್ನ ಬದುಕು ಮುಗಿಯಿತು ಎಂದು ಎಚ್ಚರಿಸಿದ. ಕೊನೆಗೆ ಹಸ್ತಪ್ರತಿಗಳೆಲ್ಲ ತಗಡಿನ ಪೆಟ್ಟಿಗೆಯೊಂದಕ್ಕೆ ಸೇರಿದವು, ಪೆಟ್ಟಿಗೆಗೆ ಬೀಗ ಬಿತ್ತು. ಬೀಗದ ಕೈಯನ್ನು ಸಿಜ್‌ವಿಕ್ ಆವನ್ ನದಿಗೆ ಎಸೆದ.

ಈ ಸಿಜ್‌ವಿಕ್ ಸಣ್ಣ ಮನುಷ್ಯನಲ್ಲ. ನಂಬಿಕೆಯಿಲ್ಲದ ಚರ್ಚಿನ ಕಟ್ಟಳೆಗಳಿಗೆ ಒಪ್ಪಿಗೆ ಕೊಟ್ಟು ಕೂರಲಾರೆ ಎಂದು 1869ರಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ, ಅಂದರೆ ಅಧ್ಯಾಪಕ ಸದಸ್ಯನ, ಹುದ್ದೆಯನ್ನೇ ಬಿಟ್ಟವನು. ಹೆಣ್ಣುಮಕ್ಕಳ ಓದಿಗೆಂದು 1871ರಲ್ಲಿ ಒಂದು ಮನೆ ಹಿಡಿದು, ಮುಂದೆ ನ್ಯೂನ್‌ಹ್ಯಾಮ್ ಕಾಲೇಜಾಗಿ ಬೆಳೆದ ಸಂಸ್ಥೆಗೆ ಅಡಿಗಲ್ಲು ಹಾಕಿದವನು. ಇಷ್ಟೆಲ್ಲ ಧೈರ್ಯವಿದ್ದವನಿಗೂ ಗೆಳೆಯನನ್ನು ಉಳಿಸಿಕೊಳ್ಳಲು ಹೊಳೆದ ಉಪಾಯ ಒಂದೇ: ಬಾಯಿಗೆ ಬೀಗ.

ಕೇಂಬ್ರಿಡ್ಜಿನ ಸಲಿಂಗ ಪ್ರೇಮಿಗಳ ಚರಿತ್ರೆ ಎಂದರೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ. ಕವಿ ಬೈರನ್, ಕಾದಂಬರಿಕಾರ ಇ.ಎಂ. ಫಾರ್ಸ್ಟರ್, ಅರ್ಥಶಾಸ್ತ್ರಜ್ಞ ಕೇನ್ಸ್, ಗಣಿತಜ್ಞ ಟ್ಯೂರಿಂಗ್. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಇವರ ಸಂಗತಿ ನಮಗೆ ತಿಳಿದದ್ದು ಯಾವಾಗ, ಅಲ್ಲಿಯವರೆಗೆ ತಿಳಿಯದಂತೆ ನೋಡಿಕೊಂಡವರು ಯಾರು, ಆ ಮೌನದಿಂದ ಬಚಾವಾದವರು ಯಾರು, ಬಲಿಯಾದವರು ಯಾರು ಎಂದು ಕೇಳುತ್ತ ಹೋದರೆ ಪಟ್ಟಿ ಕಥೆಯಾಗುತ್ತದೆ. ಆ ಕಥೆ ನಮ್ಮ ಶ್ರೀರಂಗಪಟ್ಟಣವನ್ನೂ ಹಾದುಹೋಗುತ್ತದೆ.

ಮೊದಲು ಜಾಗದ ಪರಿಚಯ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಶುರುವಾದದ್ದು 1209ರಲ್ಲಿ. ಈಗ ಅಲ್ಲಿ 31 ಕಾಲೇಜುಗಳಿವೆ. ಕಾಲೇಜೆಂದರೆ ನಮ್ಮಲ್ಲಿಯಂತೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಕಟ್ಟಡವಲ್ಲ. ಊಟ, ನಿದ್ದೆ, ಪ್ರಾರ್ಥನೆ, ಪಾಠ ಎಲ್ಲ ಒಂದೇ ಗೋಡೆಯೊಳಗೆ. ರಾತ್ರಿಯಾದರೆ ಹೆಬ್ಬಾಗಿಲು ಮುಚ್ಚುತ್ತಿತ್ತು. 1882ರಲ್ಲಿ ನಿಯಮಗಳು ಸಡಿಲಾಗುವವರೆಗೆ ಬಹುಪಾಲು ಫೆಲೋಗಳು ಮದುವೆಯಾದರೆ ಹುದ್ದೆ ಬಿಡಬೇಕಿತ್ತು. ಹೀಗೆ ಆರು ಶತಮಾನಕ್ಕೂ ಹೆಚ್ಚು ಕಾಲ ಅದು ಗಂಡಸರೇ ಕಲಿತು, ಗಂಡಸರೇ ಕಲಿಸಿ, ಗಂಡಸರೇ ಮುದುಕರಾಗುವ ಲೋಕವಾಗಿತ್ತು. ಓದಿಸುತ್ತಿದ್ದದ್ದು ಗ್ರೀಕ್ ಮತ್ತು ಲ್ಯಾಟಿನ್. ಗುರು ಶಿಷ್ಯರ ನಡುವಿನ ಅನುರಾಗವನ್ನು ಪ್ಲೇಟೋ ಕೊಂಡಾಡಿದ್ದನ್ನು ತರಗತಿಯಲ್ಲಿ ಅನುವಾದಿಸಬೇಕು, ಚರ್ಚಿನಲ್ಲಿ ಅದನ್ನೇ ಮಹಾಪಾಪವೆಂದು ಕೇಳಬೇಕು. ಈ ಇಬ್ಬಂದಿಯಲ್ಲಿ ಬೆಳೆದ ಹುಡುಗರು ಎಷ್ಟೋ ತಲೆಮಾರು.

ಅಂಥವರಲ್ಲಿ ಒಬ್ಬ ಬೈರನ್. 1805ರಲ್ಲಿ ಟ್ರಿನಿಟಿಗೆ ಬಂದವನು ಅಲ್ಲಿನ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಿದ್ದ ಜಾನ್ ಎಡಲ್‌ಸ್ಟನ್ ಎಂಬ, ತನಗಿಂತ ತುಸು ಕಿರಿಯ ಹುಡುಗನನ್ನು ಹಚ್ಚಿಕೊಂಡ. ಎಡಲ್‌ಸ್ಟನ್ 1811ರಲ್ಲಿ ಕ್ಷಯದಿಂದ ತೀರಿಕೊಂಡಾಗ ಬೈರನ್ ಶೋಕಗೀತೆಗಳನ್ನು ಬರೆದ. ಆದರೆ ಅವುಗಳಲ್ಲಿ ಸತ್ತವನಿಗೆ ಕೊಟ್ಟದ್ದು 'ಥಿರ್ಜಾ' ಎಂಬ ಹೆಂಗಸಿನ ಹೆಸರು. ಓದುಗರು ಯಾವಳೋ ಪ್ರೇಯಸಿಗಾಗಿ ಅತ್ತಿದ್ದಾನೆ ಎಂದುಕೊಂಡರು. 1824ರಲ್ಲಿ ಬೈರನ್ ಸತ್ತ ಮೇಲೆ ಅವನ ಆತ್ಮಕಥೆಯ ಹಸ್ತಪ್ರತಿಯನ್ನು ಸ್ನೇಹಿತರೂ ಪ್ರಕಾಶಕರೂ ಸೇರಿ ಲಂಡನ್ನಿನ ಪ್ರಕಾಶಕರ ಮನೆಯ ಬೆಂಕಿಗೂಡಿನಲ್ಲಿ ಸುಟ್ಟರು. ಅದರಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು.

ಗಾಬರಿಗೆ ಕಾರಣವಿತ್ತು. ಗಂಡಸರ ನಡುವಿನ ಸಂಬಂಧಕ್ಕೆ ಗಲ್ಲು ಎಂಬ ಕಾನೂನನ್ನು ಎಂಟನೆಯ ಹೆನ್ರಿಯ ಪಾರ್ಲಿಮೆಂಟು 1533ರಲ್ಲೇ ತಂದಿತ್ತು. ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕೆ ಕೊನೆಯದಾಗಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ. ಇಬ್ಬರೂ ದುಡಿದು ತಿನ್ನುವ ಬಡವರು. ಮರಣದಂಡನೆ ಕಾಗದದ ಮೇಲಿಂದ ಹೋದದ್ದು 1861ರಲ್ಲಿ. ಇದೇ ಎಂಟನೆಯ ಹೆನ್ರಿ 1546ರಲ್ಲಿ ಟ್ರಿನಿಟಿ ಕಾಲೇಜನ್ನು ಸ್ಥಾಪಿಸಿದ. ಮುಂದಿನ ಎರಡು ದೊಡ್ಡ ಕಾನೂನುಗಳ ಕರ್ತರೂ ಆ ಕಾಲೇಜಿನ ಹುಡುಗರೇ ಎಂಬುದು ಚರಿತ್ರೆಯ ಕುಹಕ.

ಒಬ್ಬ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. 1824ರಲ್ಲಿ ಟ್ರಿನಿಟಿಯ ಫೆಲೋ ಆದವನು ಹತ್ತು ವರ್ಷದ ನಂತರ ಗವರ್ನರ್ ಜನರಲ್ ಕೌನ್ಸಿಲಿನ ಸದಸ್ಯನಾಗಿ ಮದ್ರಾಸಿನಲ್ಲಿ ಇಳಿದ. ಗವರ್ನರ್ ಜನರಲ್ ಬೆಂಟಿಂಕ್‌ನನ್ನು ಕಾಣಲು ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದು ಊಟಿಗೆ ಹೋದ. ಟಿಪ್ಪುವಿನ ಕೋಟೆಯನ್ನು ಸುತ್ತಾಡಿ ನೋಡಿದ. ಆಮೇಲೆ ಕಲ್ಕತ್ತೆಯಲ್ಲಿ ಕೂತು, ಕಾನೂನು ಆಯೋಗದ ಮುಖ್ಯಸ್ಥನಾಗಿ, 1837ರಲ್ಲಿ ದಂಡಸಂಹಿತೆಯ ಕರಡು ಒಪ್ಪಿಸಿದ. ಅಪರಾಧಗಳಿಗೆ ಉದಾಹರಣೆ ಸಹಿತ ವಿವರಣೆ ಕೊಡುವುದು ಆ ಕರಡಿನ ಹೆಚ್ಚುಗಾರಿಕೆ. ಆದರೆ 'ಪ್ರಕೃತಿವಿರುದ್ಧ' ಅಪರಾಧದ ಕಲಮಿಗೆ ಬಂದಾಗ ಲೇಖನಿ ತಡೆಯಿತು. ಈ ಹೇಸಿಗೆಯ ವಿಷಯ ಸಾರ್ವಜನಿಕ ಚರ್ಚೆಗೆ ಬರುವುದೇ ಬೇಡ, ಹಾಗಾಗಿ ವಿವರಣೆ ಕೊಡುವುದಿಲ್ಲ ಎಂಬುದು ಅದರ ಟಿಪ್ಪಣಿಯ ಸಾರ. ಆ ಕರಡು ತಿದ್ದುಪಡಿಗಳೊಂದಿಗೆ 1860ರಲ್ಲಿ ಭಾರತೀಯ ದಂಡಸಂಹಿತೆಯಾಯಿತು. ಅದರ 377ನೇ ಕಲಂ ಜೀವಾವಧಿಯವರೆಗೆ ಶಿಕ್ಷೆ ವಿಧಿಸುವಂತಿದ್ದರೂ ಅಪರಾಧ ಇಂಥದ್ದೇ ಎಂದು ಸ್ಪಷ್ಟವಾಗಿ ಹೇಳಲಿಲ್ಲ. ಏನೆಂದು ಹೇಳದ ಅಪರಾಧ ಪೊಲೀಸರಿಗೆ ಎಷ್ಟು ಅನುಕೂಲ ಎಂಬುದನ್ನು ನಮ್ಮ ಊರುಗಳ ಪಾರ್ಕು, ಬಸ್ ನಿಲ್ದಾಣಗಳಲ್ಲಿ ಲಾಠಿಯ ರುಚಿ ಕಂಡವರು ಹೇಳಬಲ್ಲರು.

ಇನ್ನೊಬ್ಬ ಹೆನ್ರಿ ಲಬೂಶೇರ್. ಟ್ರಿನಿಟಿಯಲ್ಲಿ ಪರೀಕ್ಷೆಯಲ್ಲಿ ನಕಲು ಮಾಡಿದ ಆರೋಪ ಹೊತ್ತು ಪದವಿಯಿಲ್ಲದೆ ಹೊರಬಂದ ಈತ ಸಂಸದನಾದ. 1885ರ ಆಗಸ್ಟಿನ ಒಂದು ರಾತ್ರಿ, ಸದನದಲ್ಲಿ ಬೆರಳೆಣಿಕೆಯ ಸದಸ್ಯರಿದ್ದಾಗ, ಹೆಣ್ಣುಮಕ್ಕಳ ರಕ್ಷಣೆಗೆ ತಂದ ಮಸೂದೆಯೊಂದಕ್ಕೆ ಈತನ ತಿದ್ದುಪಡಿ ಸೇರಿತು. ಗಂಡಸರ ನಡುವಿನ ಯಾವುದೇ 'ಘೋರ ಅಸಭ್ಯತೆ', ಅದು ಖಾಸಗಿ ಕೋಣೆಯಲ್ಲಿ ನಡೆದರೂ, 2 ವರ್ಷದ ಶಿಕ್ಷೆಗೆ ಅರ್ಹ. ಘೋರ ಅಸಭ್ಯತೆ ಅಂದರೇನು? ಮತ್ತೆ ವಿವರಣೆ ಇಲ್ಲ. ಇದರಡಿಯಲ್ಲೇ 1895ರಲ್ಲಿ ನಾಟಕಕಾರ ಆಸ್ಕರ್ ವೈಲ್ಡ್ ಜೈಲಿಗೆ ಹೋದ. ಹಣ ಕೀಳುವ ಪುಂಡರಿಗೆ ಸರ್ಕಾರವೇ ಪರವಾನಗಿ ಕೊಟ್ಟಂತಾಯಿತು ಎಂದು ಆಗಲೇ ಜನ ಆಡಿಕೊಂಡರು.

ಕಾನೂನು ಖಾಸಗಿ ಕೋಣೆಗೂ ಕಾಲಿಟ್ಟಿತ್ತು. ಆದರೆ ಕೇಂಬ್ರಿಡ್ಜಿನ ಕೋಣೆಗಳಿಗೆ ಅದು ಬಾಗಿಲು ಬಡಿದು ಬಂದದ್ದು ಅಪರೂಪ. ಅಂಥ ಕೋಣೆಗಳಲ್ಲಿ ಪ್ರಸಿದ್ಧವಾದದ್ದು 'ಅಪೋಸಲ್ಸ್' ಎಂಬ ಗುಪ್ತಸಂಘದ್ದು. 1820ರಲ್ಲಿ ಶುರುವಾದ ಈ ಕೂಟಕ್ಕೆ ಅರ್ಜಿ ಹಾಕಿ ಸೇರುವಂತಿರಲಿಲ್ಲ. ಹಳಬರೇ ಬುದ್ಧಿವಂತ ಹುಡುಗರನ್ನು ಗೊತ್ತಾಗದಂತೆ ಗಮನಿಸಿ ಆರಿಸುತ್ತಿದ್ದರು. ಶನಿವಾರ ಸಂಜೆ ಯಾರಾದರೊಬ್ಬರ ಕೋಣೆಯಲ್ಲಿ ಸೇರುವುದು, ಒಬ್ಬ ಬೆಂಕಿಗೂಡಿನ ಮುಂದೆ ನಿಂತು ಪ್ರಬಂಧ ಓದುವುದು, ಉಳಿದವರು ಸುಟ್ಟ ಬ್ರೆಡ್ಡಿನ ಮೇಲೆ ಮೀನಿಟ್ಟುಕೊಂಡು ತಿನ್ನುತ್ತ ವಾದಿಸುವುದು. ಒಂದೇ ನಿಯಮವೆಂದರೆ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡಬಾರದು. ಕವಿ ಟೆನಿಸನ್, ಅವನ ಗೆಳೆಯ ಆರ್ಥರ್ ಹ್ಯಾಲಮ್, ನಮ್ಮ ಸಿಜ್‌ವಿಕ್, ಎಲ್ಲರೂ ಇದರ ಸದಸ್ಯರು. 1900ರ ದಶಕದಲ್ಲಿ, ಲೇಖಕ ಲಿಟ್ಟನ್ ಸ್ಟ್ರೇಚಿ, ಮೇನಾರ್ಡ್ ಕೇನ್ಸ್, ಫಾರ್ಸ್ಟರ್, ಗೋಲ್ಡ್ಸ್‌ವರ್ದಿ ಲೋಸ್ ಡಿಕಿನ್ಸನ್ ಮೊದಲಾದವರ ಕಾಲಕ್ಕೆ, ಗಂಡಸರ ಪ್ರೇಮ ಅಲ್ಲಿ ತೆರೆದ ಚರ್ಚೆಯ ವಿಷಯವಾಗಿತ್ತು. ದೇಶದ ಬೇರೆಲ್ಲೂ ಆಡಲಾಗದ ಮಾತನ್ನು ನಾಲ್ಕು ಗೋಡೆಯೊಳಗೆ ನಗುತ್ತ ಆಡಬಹುದಿತ್ತು.

ಇವರಲ್ಲಿ ಬಹಳ ಮಂದಿ ಕಿಂಗ್ಸ್ ಕಾಲೇಜಿನವರು. ಆರನೆಯ ಹೆನ್ರಿ 1441ರಲ್ಲಿ ಕಟ್ಟಿದ ಈ ಕಾಲೇಜು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಂಡೂ ಕಾಣದಂತಿರುವ ಉದಾರತೆಗೆ ಹೆಸರಾಗಿತ್ತು. ಕೇನ್ಸ್‌ಗೆ ಚಿತ್ರಕಾರ ಡಂಕನ್ ಗ್ರಾಂಟ್‌ನೊಡನೆ ಪ್ರೇಮವಿತ್ತು. 1925ರಲ್ಲಿ ರಷ್ಯದ ನರ್ತಕಿ ಲಿಡಿಯಾ ಲೊಪೊಕೋವಾಳನ್ನು ಮದುವೆಯಾಗಿ ಸುಖವಾಗಿಯೇ ಬಾಳಿದ. ಒಬ್ಬ ಮನುಷ್ಯನನ್ನು ಒಂದೇ ಹಣೆಪಟ್ಟಿಯಡಿ ಕೂರಿಸುವುದು ಕಷ್ಟ ಎನ್ನುವುದಕ್ಕೆ ಈತ ಒಳ್ಳೆಯ ಉದಾಹರಣೆ. ಈತನ ಮೊದಲ ಪುಸ್ತಕ ಭಾರತದ ನಾಣ್ಯ ಮತ್ತು ಹಣಕಾಸಿನ ಬಗ್ಗೆ, 1913ರಲ್ಲಿ ಬಂದದ್ದು. ಡಿಕಿನ್ಸನ್ ಗ್ರೀಕರ ಜೀವನದೃಷ್ಟಿಯ ಕುರಿತು ಬರೆದು ಹೆಸರು ಮಾಡಿದವನು. ಮೊದಲ ಮಹಾಯುದ್ಧದ ಹೊತ್ತಿಗೆ ರಾಷ್ಟ್ರಸಂಘದ ಕಲ್ಪನೆಯನ್ನು ಮುಂದಿಟ್ಟ ಮೊದಲಿಗರಲ್ಲಿ ಒಬ್ಬ.

ಫಾರ್ಸ್ಟರ್ 1912ರಲ್ಲಿ ಡಿಕಿನ್ಸನ್ ಜೊತೆ ಭಾರತಕ್ಕೆ ಹೊರಟ. ಇಲ್ಲಿ ಕಾಯುತ್ತಿದ್ದವನು ಸೈಯದ್ ರಾಸ್ ಮಸೂದ್. ಫಾರ್ಸ್ಟರ್ ಒಂದು ಕಾಲಕ್ಕೆ ಮಸೂದ್‌ಗೆ ಲ್ಯಾಟಿನ್ ಹೇಳಿಕೊಟ್ಟಿದ್ದ, ಅವನನ್ನು ಮನಸಾರೆ ಪ್ರೀತಿಸಿಯೂ ಇದ್ದ. ಮಸೂದ್‌ನದು ಬರೀ ಸ್ನೇಹ. ಆ ಸ್ನೇಹವಿಲ್ಲದೆ 'ಎ ಪ್ಯಾಸೇಜ್ ಟು ಇಂಡಿಯಾ' ಹುಟ್ಟುತ್ತಿರಲಿಲ್ಲ. 1924ರ ಆ ಕಾದಂಬರಿ ಅವನಿಗೇ ಅರ್ಪಿತ. ಭಾರತದಿಂದ ಮರಳಿದ ಮೇಲೆ 1913ರಲ್ಲಿ ಫಾರ್ಸ್ಟರ್ ಶೆಫೀಲ್ಡ್ ಹತ್ತಿರದ ಮಿಲ್‌ಥಾರ್ಪ್ ಎಂಬ ಹಳ್ಳಿಗೆ ಹೋದ. ಅಲ್ಲಿದ್ದವನು ಎಡ್ವರ್ಡ್ ಕಾರ್ಪೆಂಟರ್. ಕೇಂಬ್ರಿಡ್ಜಿನ ಟ್ರಿನಿಟಿ ಹಾಲ್ ಕಾಲೇಜಿನ ಫೆಲೋಗಿರಿಯನ್ನೂ ಪಾದ್ರಿ ಕೆಲಸವನ್ನೂ 1874ರಲ್ಲಿ ಬಿಟ್ಟು, ಕಾರ್ಮಿಕರಿಗೆ ಪಾಠ ಹೇಳಿ, ತರಕಾರಿ ಬೆಳೆದು, ಚಪ್ಪಲಿ ಹೊಲಿದುಕೊಂಡು, ಜಾರ್ಜ್ ಮೆರಿಲ್ ಎಂಬ ಬಡ ಮನೆತನದ ಸಂಗಾತಿಯೊಡನೆ ಊರೆದುರಿಗೇ ಸಂಸಾರ ಹೂಡಿದವನು. 1908ರಲ್ಲಿ ಸಲಿಂಗ ಪ್ರೇಮದ ಬಗ್ಗೆ 'ದಿ ಇಂಟರ್ಮೀಡಿಯೆಟ್ ಸೆಕ್ಸ್' ಎಂಬ ಪುಸ್ತಕವನ್ನು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದ. ಇಡೀ ಪಟ್ಟಿಯಲ್ಲಿ ಬಾಯಿ ಬಿಟ್ಟು ಬದುಕಿದವನು ಇವನೊಬ್ಬ. ಅದಕ್ಕಾಗಿ ಇವನು ವಿಶ್ವವಿದ್ಯಾಲಯದ ಗೋಡೆಯಿಂದ ಆಚೆ ಬರಬೇಕಾಯಿತು.

ಆ ಮನೆಯಿಂದ ಹೊರಟ ಫಾರ್ಸ್ಟರ್ 'ಮಾರಿಸ್' ಎಂಬ ಕಾದಂಬರಿ ಬರೆಯತೊಡಗಿದ. ಇಬ್ಬರು ಗಂಡಸರ ಪ್ರೇಮ ಸುಖಾಂತವಾಗಲೇಬೇಕು ಎಂಬುದು ಆತನ ಹಟ. ಆದರೆ ಸುಖಾಂತವೇ ಅದಕ್ಕೆ ತೊಡಕಾಯಿತು. ಇಬ್ಬರಲ್ಲಿ ಒಬ್ಬ ನೇಣು ಹಾಕಿಕೊಂಡಿದ್ದರೆ ಪ್ರಕಾಶಕ ಸಿಗುತ್ತಿದ್ದನೇನೋ. ಶಿಕ್ಷೆಯಾಗದ ಅಪರಾಧವನ್ನು ಅಚ್ಚು ಹಾಕುವವರು ಯಾರು? 1914ರಲ್ಲಿ ಮುಗಿದ ಕಾದಂಬರಿ ನಂಬಿಕಸ್ಥರ ಕೈಯಿಂದ ಕೈಗೆ ಟೈಪ್ ಪ್ರತಿಯಾಗಿ ಓಡಾಡಿತು. ಫಾರ್ಸ್ಟರ್ 1946ರಿಂದ ಕಿಂಗ್ಸ್ ಕಾಲೇಜಿನಲ್ಲೇ ಗೌರವ ಫೆಲೋ ಆಗಿ ನೆಲೆಸಿದ. ದೇಶಕ್ಕೆಲ್ಲ ಪೂಜ್ಯನಾದ ಮುದುಕ, ಮೇಜಿನ ಖಾನೆಯಲ್ಲಿ ತನ್ನ ಒಂದು ಕಾದಂಬರಿಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಟ್ಟುಕೊಂಡೇ 1970ರ ಜೂನ್ 7ರಂದು ತೀರಿಕೊಂಡ. 'ಮಾರಿಸ್' ಹೊರಬಂದದ್ದು 1971ರಲ್ಲಿ.

ಹೆಣ್ಣುಮಕ್ಕಳ ಕಥೆ ಇನ್ನೂ ತೆಳು, ಯಾಕೆಂದರೆ ಅವರಿಗೆ ಕೋಣೆಯೇ ತಡವಾಗಿ ಸಿಕ್ಕಿತು. ಗರ್ಟನ್ ಕಾಲೇಜು 1869ರಲ್ಲಿ, ನ್ಯೂನ್‌ಹ್ಯಾಮ್ 1871ರಲ್ಲಿ ಆರಂಭವಾದರೂ ಕೇಂಬ್ರಿಡ್ಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. 1897ರಲ್ಲಿ ಈ ಬೇಡಿಕೆ ಮತಕ್ಕೆ ಬಂದಾಗ ಹುಡುಗರು ಸೈಕಲ್ ಮೇಲೆ ಕೂತ ಹುಡುಗಿಯ ಗೊಂಬೆಯನ್ನು ಬೀದಿಯ ಮೇಲೆ ನೇತುಹಾಕಿ ಗಲಾಟೆ ಎಬ್ಬಿಸಿದ್ದರು. ನ್ಯೂನ್‌ಹ್ಯಾಮ್‌ನಲ್ಲಿ ಪ್ರಾಚೀನ ಗ್ರೀಕ್ ಧರ್ಮದ ಅಧ್ಯಯನಕ್ಕೆ ಹೊಸ ದಿಕ್ಕು ಕೊಟ್ಟ ಜೇನ್ ಹ್ಯಾರಿಸನ್ ತನ್ನ ಶಿಷ್ಯೆ, ಕವಯಿತ್ರಿ ಹೋಪ್ ಮರ್ಲೀಸ್ ಜೊತೆ ಕೊನೆಯ ವರ್ಷಗಳನ್ನು ಪ್ಯಾರಿಸ್, ಲಂಡನ್ನುಗಳಲ್ಲಿ ಕಳೆದಳು, 1928ರಲ್ಲಿ ತೀರಿಕೊಂಡಳು. ಅದೇ ವರ್ಷ ಅಕ್ಟೋಬರಿನಲ್ಲಿ ಲೇಖಕಿ ವರ್ಜೀನಿಯಾ ವುಲ್ಫ್ ಈ ಎರಡೂ ಕಾಲೇಜುಗಳಿಗೆ ಬಂದು ಕೊಟ್ಟ ಉಪನ್ಯಾಸಗಳೇ ಮುಂದೆ 'ಎ ರೂಮ್ ಆಫ್ ಒನ್ಸ್ ಓನ್' ಆದವು. ಹೆಣ್ಣು ಹೆಣ್ಣನ್ನು ಮೆಚ್ಚುವ ಸಂಗತಿ ಸಾಹಿತ್ಯಕ್ಕೆ ಇನ್ನೂ ಬಂದಿಲ್ಲವಲ್ಲ ಎಂದು ವುಲ್ಫ್ ಅದರಲ್ಲಿ ಮೆಲ್ಲಗೆ ಚುಚ್ಚುತ್ತಾಳೆ. ಹೆಂಗಸರ ನಡುವಿನ ಸಂಬಂಧವನ್ನೂ ಅಪರಾಧ ಮಾಡುವ ಪ್ರಯತ್ನ 1921ರಲ್ಲಿ ನಡೆದಿತ್ತು. ಮೇಲ್ಮನೆ ಅದನ್ನು ಕೈಬಿಟ್ಟಿತು. ಉದಾರತೆಯಿಂದಲ್ಲ; ಕಾನೂನು ಮಾಡಿದರೆ ಇಂಥದ್ದೊಂದು ಇದೆ ಎಂದು ಗೊತ್ತಿಲ್ಲದ ಹೆಂಗಸರಿಗೂ ಗೊತ್ತಾಗಿಬಿಡುತ್ತದೆ ಎಂಬ ಭಯದಿಂದ. ಮೆಕಾಲೆಯ ತರ್ಕವೇ, ವೇಷ ಬೇರೆ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಕೇಂಬ್ರಿಡ್ಜಿನ ಈ ಕೋಣೆಗಳನ್ನು ಸ್ವಾತಂತ್ರ್ಯದ ತಾಣವೆಂದು ಹೊಗಳೋಣವೇ? ಅದೇ ಊರಿನಲ್ಲಿ ವಿಶ್ವವಿದ್ಯಾಲಯದ್ದೇ ಒಂದು ಜೈಲಿತ್ತು, ಹೆಸರು ಸ್ಪಿನ್ನಿಂಗ್ ಹೌಸ್. ವಿದ್ಯಾರ್ಥಿಗಳ ಜೊತೆ ಬೀದಿಯಲ್ಲಿ ಕಂಡ ಊರಿನ ಹುಡುಗಿಯರನ್ನು, ನಡತೆಯ ಮೇಲೆ ಅನುಮಾನ ಬಂದರೆ ಸಾಕು, ವಿಶ್ವವಿದ್ಯಾಲಯದ ಅಧಿಕಾರಿಗಳೇ ಹಿಡಿದು ಅಲ್ಲಿಗೆ ತಳ್ಳಬಹುದಿತ್ತು. ಈ ಅಧಿಕಾರ ಹೋದದ್ದು 1894ರಲ್ಲಿ. ಅಂದರೆ ಗೋಡೆಯೊಳಗಿನ ಶ್ರೀಮಂತ ಹುಡುಗನ ಖಾಸಗಿ ಬದುಕಿಗೆ ಗೌರವ, ಗೋಡೆಯಾಚೆಯ ಬಡ ಹುಡುಗಿಗೆ ಸರಳು. ಮೌನ ಕೆಲವರನ್ನು ಕಾಪಾಡಿತು ನಿಜ. ಅದು ಕಾಪಾಡಿದ್ದು ಕುಲ, ಹಣ, ಪರಿಚಯ ಇದ್ದವರನ್ನು. ಅದನ್ನು ಹಕ್ಕು ಎನ್ನಲಾಗದು. ಉಳ್ಳವರಿಗೆ ಸಿಕ್ಕ ರಿಯಾಯಿತಿ ಎನ್ನಬಹುದು.

ರಿಯಾಯಿತಿಗೂ ಹಕ್ಕಿಗೂ ಇರುವ ಅಂತರ ತಿಳಿಯಲು ಅಲನ್ ಟ್ಯೂರಿಂಗ್ ಸಾಕು. ತಂದೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ; ತಾಯಿ ಹುಟ್ಟಿದ್ದು ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ, ಮದ್ರಾಸ್ ರೈಲ್ವೆಯ ಎಂಜಿನಿಯರನ ಮಗಳಾಗಿ. ಟ್ಯೂರಿಂಗ್ 1931ರಲ್ಲಿ ಕಿಂಗ್ಸ್ ಕಾಲೇಜಿಗೆ ಸೇರಿದ. 1935ರಲ್ಲಿ, 22ನೇ ವಯಸ್ಸಿಗೇ ಫೆಲೋ ಆದ. ಮರುವರ್ಷ ಬರೆದ ಪ್ರಬಂಧದಲ್ಲಿ ಇಂದಿನ ಕಂಪ್ಯೂಟರಿನ ಗಣಿತದ ಬುನಾದಿ ಇದೆ. 1939ರಲ್ಲಿ ಕೇಂಬ್ರಿಡ್ಜಿನಲ್ಲಿ ತತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಗಣಿತದ ತಳಹದಿಯ ಬಗ್ಗೆ ಪಾಠ ಮಾಡುತ್ತಿದ್ದಾಗ ಎದುರು ಕೂತು ವಾದಿಸುತ್ತಿದ್ದವನು ಈತ. ಗಂಡಸರನ್ನು ಪ್ರೀತಿಸಿದ ಇಬ್ಬರು ಮಹಾಮೇಧಾವಿಗಳು ಒಂದೇ ಕೊಠಡಿಯಲ್ಲಿ, ಆದರೆ ಜಗಳ ಮಾತ್ರ ಗಣಿತದ್ದು! ಯುದ್ಧಕಾಲದಲ್ಲಿ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಎನಿಗ್ಮಾ ಸಂಕೇತಗಳನ್ನು ಬಿಡಿಸಿದ.

ಕಿಂಗ್ಸ್‌ನ ಗೋಡೆಯೊಳಗೆ ತನ್ನ ಒಲವನ್ನು ಅಷ್ಟಾಗಿ ಮುಚ್ಚಿಡದೆ ಬೆಳೆದವನು ಟ್ಯೂರಿಂಗ್. 1952ರ ಜನವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿದ್ದಾಗ ಮನೆಯಲ್ಲಿ ಕಳ್ಳತನವಾಯಿತು. ತಾನೇ ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ ಯುವಕನೊಬ್ಬನೊಡನೆ ತನಗಿದ್ದ ಸಂಬಂಧವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಕಳ್ಳನನ್ನು ಹುಡುಕಬೇಕಿದ್ದವರು ದೂರುದಾರನನ್ನೇ ಆರೋಪಿ ಮಾಡಿದರು. ಕಲಂ ಯಾವುದು? 1885ರ ಲಬೂಶೇರನದು. ಜೈಲು ಅಥವಾ ಒಂದು ವರ್ಷ ಹೆಣ್ಣು ಹಾರ್ಮೋನಿನ ಚಿಕಿತ್ಸೆ ಎಂದಾಗ ಎರಡನೆಯದನ್ನು ಒಪ್ಪಿದ. ಸರ್ಕಾರದ ಗುಪ್ತ ಕೆಲಸಕ್ಕೆ ಇದ್ದ ಪ್ರವೇಶ ಕಡಿದುಹೋಯಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸಯನೈಡಿನಿಂದ ಸತ್ತ. ಆತ್ಮಹತ್ಯೆ ಎಂದು ತೀರ್ಪು ಬಂತು. ಫಾರ್ಸ್ಟರನ ನಲವತ್ತು ವರ್ಷದ ಸಂಗಾತಿ ಬಾಬ್ ಬಕಿಂಗ್‌ಹ್ಯಾಮ್ ವೃತ್ತಿಯಿಂದ ಪೊಲೀಸ್ ಪೇದೆಯಾಗಿದ್ದವನು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದೇ ದೇಶ, ಒಂದೇ ಕಾನೂನು, ಒಂದೇ ಕಾಲೇಜಿನ ಇಬ್ಬರು. ಒಬ್ಬ ತೊಂಬತ್ತು ದಾಟಿ ಗೌರವದಿಂದ ಬಾಳಿದ, ಇನ್ನೊಬ್ಬ ನಿಜ ಹೇಳಿ ಸತ್ತ.

ಆಗ ಹವೆಯೂ ಕೆಟ್ಟಿತ್ತು. 1951ರಲ್ಲಿ ಟ್ರಿನಿಟಿಯ ಹಳೆಯ ವಿದ್ಯಾರ್ಥಿ, ಅಪೋಸಲ್ಸ್ ಸದಸ್ಯ, ಸಲಿಂಗ ಪ್ರೇಮಿ ಗೈ ಬರ್ಜೆಸ್ ಸೋವಿಯತ್ ಗೂಢಚಾರನೆಂದು ಬಯಲಾಗುವ ಮುನ್ನ ಪರಾರಿಯಾಗಿದ್ದ. ಪತ್ರಿಕೆಗಳು ಸಲಿಂಗ ಪ್ರೇಮಕ್ಕೂ ದೇಶದ್ರೋಹಕ್ಕೂ ಗಂಟು ಹಾಕಿದವು. ಬಂಧನಗಳು ಎಷ್ಟು ಹೆಚ್ಚಿದವೆಂದರೆ ಸರ್ಕಾರವೇ 1954ರಲ್ಲಿ ವುಲ್ಫೆಂಡನ್ ಸಮಿತಿ ನೇಮಿಸಬೇಕಾಯಿತು. ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವುದು ಅಪರಾಧವಲ್ಲ ಎಂದು ಸಮಿತಿ 1957ರಲ್ಲಿ ಹೇಳಿತು. ಕಾನೂನಾಗಲು ಇನ್ನೂ ಹತ್ತು ವರ್ಷ ಬೇಕಾಯಿತು: 1967ರ ಜುಲೈನಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ, 21 ದಾಟಿದವರಿಗೆ ಮಾತ್ರ. 1988ರಲ್ಲಿ ಶಾಲೆಗಳಲ್ಲಿ ಸಲಿಂಗ ಪ್ರೇಮವನ್ನು ಪ್ರೋತ್ಸಾಹಿಸಬಾರದೆಂಬ ಕಲಂ 28 ಬಂದಾಗ ನಟ ಇಯಾನ್ ಮೆಕೆಲನ್, ಈತನೂ ಕೇಂಬ್ರಿಡ್ಜಿನವನೇ, ಬಿಬಿಸಿ ರೇಡಿಯೋದಲ್ಲಿ ತಾನು ಸಲಿಂಗ ಪ್ರೇಮಿ ಎಂದು ಹೇಳಿ ಹೋರಾಟಕ್ಕಿಳಿದ. ಇಂಗ್ಲೆಂಡಿನಲ್ಲಿ ಆ ಕಲಂ ರದ್ದಾದದ್ದು 2003ರಲ್ಲಿ.

ಕಾನೂನು ಬದಲಾದ ಮೇಲೆ ಪೆಟ್ಟಿಗೆಗಳೂ ಒಂದೊಂದಾಗಿ ತೆರೆದವು. 1951ರಲ್ಲಿ ಬಂದ ಕೇನ್ಸನ ಅಧಿಕೃತ ಜೀವನಚರಿತ್ರೆಯಲ್ಲಿ ಅವನ ಗಂಡು ಪ್ರೇಮಗಳ ಸುಳಿವಿಲ್ಲ; ಆಗ ಅವನ ತಾಯಿ ಬದುಕಿದ್ದಳು, ಕಾನೂನೂ ಬದುಕಿತ್ತು. 1967-68ರಲ್ಲಿ ಮೈಕೇಲ್ ಹಾಲ್‌ರಾಯ್ಡ್ ಬರೆದ ಸ್ಟ್ರೇಚಿಯ ಜೀವನಚರಿತ್ರೆ ಆ ಬಳಗದ ಒಳಕಥೆಯನ್ನು ಹೊರಗಿಟ್ಟಿತು. ಡಿಕಿನ್ಸನ್ ಬರೆದಿಟ್ಟಿದ್ದ ಆತ್ಮಕಥೆ 1973ರಲ್ಲಿ ಅಚ್ಚಾಯಿತು. ಮಾಡ್ಲಿನ್ ಕಾಲೇಜಿನ ಮುಖ್ಯಸ್ಥ ಎ.ಸಿ. ಬೆನ್ಸನ್ ತನ್ನ 180 ಸಂಪುಟಗಳ ದಿನಚರಿಯನ್ನು ಸತ್ತ ಮೇಲೆ ಐವತ್ತು ವರ್ಷ ತೆರೆಯಬಾರದೆಂದು ವಿಧಿಸಿದ್ದ. ಆ ಗಡುವು 1975ಕ್ಕೆ ಮುಗಿಯಿತು. ಆಂಡ್ರೂ ಹಾಜಸ್ ಬರೆದ ಟ್ಯೂರಿಂಗ್ ಚರಿತ್ರೆ 1983ರಲ್ಲಿ ಬಂತು. ಸೈಮಂಡ್ಸ್ ಕೂಡ ಸುಮ್ಮನಿರಲಿಲ್ಲ. ಗೆಳೆಯನ ಎಚ್ಚರಿಕೆಯ ನಂತರವೂ ಗುಟ್ಟಾಗಿ ಬರೆಯುತ್ತಲೇ ಹೋದ. ಅವನ ಆತ್ಮಕಥೆ ಲಂಡನ್ ಲೈಬ್ರರಿಯಲ್ಲಿ ಐವತ್ತು ವರ್ಷದ ನಿಷೇಧದಡಿ ಕೂತಿದ್ದು, 1984ರಲ್ಲಿ ಪ್ರಕಟವಾಯಿತು.

ಎಚ್ಚರಿಕೆಯ ಒಂದು ಮಾತೂ ಬೇಕು. ಬೀಗ ತೆಗೆದ ಉತ್ಸಾಹದಲ್ಲಿ ಸಿಕ್ಕಿದವರಿಗೆಲ್ಲ ಹಣೆಪಟ್ಟಿ ಅಂಟಿಸುವುದು ಚರಿತ್ರೆಯಾಗುವುದಿಲ್ಲ. ಟೆನಿಸನ್ 1833ರಲ್ಲಿ ಸತ್ತ ಹ್ಯಾಲಮ್‌ನಿಗಾಗಿ ಹದಿನೇಳು ವರ್ಷ ಪದ್ಯ ಬರೆದ. ಅದು ಯಾವ ಬಗೆಯ ಪ್ರೀತಿ ಎಂದು ಆಣೆ ಮಾಡಿ ಹೇಳಲಾಗದು. ಆ ಕಾಲದ ಗಂಡಸರ ಸ್ನೇಹದ ಭಾಷೆಯೇ ಇಂದಿಗಿಂತ ಆರ್ದ್ರವಾಗಿತ್ತು. ವಿಟ್ಗೆನ್‌ಸ್ಟೈನ್ ತನ್ನ 'ಟ್ರಾಕ್ಟೇಟಸ್' ಗ್ರಂಥವನ್ನು ಯುದ್ಧಕಾಲದಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದ ಗೆಳೆಯ ಡೇವಿಡ್ ಪಿನ್ಸೆಂಟ್‌ಗೆ ಅರ್ಪಿಸಿದ್ದು ಸತ್ಯ. ಆದರೆ 1973ರಲ್ಲಿ ಜೀವನಚರಿತ್ರೆಕಾರನೊಬ್ಬ ಅವನ ಖಾಸಗಿ ಬದುಕಿನ ಬಗ್ಗೆ ಆಧಾರ ತೋರಿಸದೆ ಬರೆದಾಗ ವರ್ಷಗಟ್ಟಲೆ ಜಗಳ ನಡೆಯಿತು. ಪತ್ರ, ದಿನಚರಿ, ಸ್ವಂತ ಹೇಳಿಕೆ ಇದ್ದಲ್ಲಿ ಹೇಳಬೇಕು, ಇಲ್ಲದಲ್ಲಿ ಊಹೆ ಎಂದೇ ಹೇಳಬೇಕು. ಸುಟ್ಟ, ಮುಚ್ಚಿಟ್ಟ ಕಾಗದಗಳು ಮಾಡಿದ ದೊಡ್ಡ ಅನ್ಯಾಯವೇ ಇದು: ಇಡೀ ಸಮುದಾಯದ ಚರಿತ್ರೆಯನ್ನು ಗಾಳಿಮಾತಿನ ಮಟ್ಟಕ್ಕೆ ಇಳಿಸಿದವು.

ಈಗ ಎರಡು ದಿನಾಂಕಗಳನ್ನು ನೋಡಿ. 2013ರ ಡಿಸೆಂಬರ್ 24ರಂದು ಟ್ಯೂರಿಂಗ್‌ಗೆ ಬ್ರಿಟನ್ನಿನ ರಾಣಿ ಮರಣೋತ್ತರ ಕ್ಷಮಾದಾನ ನೀಡಿದಳು. ಅದಕ್ಕೆ 13 ದಿನ ಮೊದಲು, ಡಿಸೆಂಬರ್ 11ರಂದು, ನಮ್ಮ ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಮೆಕಾಲೆ ವಂಶದ 377ಕ್ಕೆ ಮರುಜೀವ ಕೊಟ್ಟಿತ್ತು. ಕಾನೂನು ತಯಾರಿಸಿದ ಮನೆಯವರು ಅದಕ್ಕೆ ನಾಚಿಕೊಳ್ಳುತ್ತಿದ್ದ ತಿಂಗಳಲ್ಲೇ ನಾವು ಅದನ್ನು ನಮ್ಮ ಸಂಸ್ಕೃತಿ ಎಂದು ಎತ್ತಿ ಹಿಡಿದೆವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ಆ ತಪ್ಪನ್ನು ತಿದ್ದಿತು; ಈ ಸಮುದಾಯದ ಕ್ಷಮೆಯನ್ನು ಚರಿತ್ರೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು.

ನಮ್ಮಲ್ಲೂ ಮೌನ ಒಡೆದವರು ವಿಶ್ವವಿದ್ಯಾಲಯದ ಗೋಡೆಯಾಚೆಯವರೇ. ಸಲಿಂಗ ಪ್ರೇಮದ ಬಗ್ಗೆ ವಸುಧೇಂದ್ರರು ಬರೆದ ಕಥಾಸಂಕಲನ 'ಮೋಹನಸ್ವಾಮಿ' 2013ರಲ್ಲಿ ಬಂತು, ಕತ್ತಲ ಖಾನೆಯಲ್ಲಿ ಅರ್ಧ ಶತಮಾನ ಕಾಯಲಿಲ್ಲ; 377 ಜಾರಿಯಲ್ಲಿದ್ದಾಗಲೇ ಕನ್ನಡಿಗರು ಅದನ್ನು ಕೊಂಡು ಓದಿದರು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ, ಜೋಗತಿ ಕಲೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ನೀಡಿತು. ಇವೆಲ್ಲ ಕಾಗದದ ಮೇಲೂ ವೇದಿಕೆಯ ಮೇಲೂ ನಡೆದಿವೆ. ಹಾಸ್ಟೆಲ್ಲಿನ ಕಾರಿಡಾರಿನಲ್ಲಿ, ಸ್ಟಾಫ್ ರೂಮಿನ ಚಹಾದ ಹೊತ್ತಿನ ತಮಾಷೆಯಲ್ಲಿ, ನಡಿಗೆ ಸ್ವಲ್ಪ ಬೇರೆಯಿರುವ ಹುಡುಗನಿಗೆ ಸಿಗುವ ಅಡ್ಡಹೆಸರಿನಲ್ಲಿ ಎಷ್ಟು ನಡೆದಿದೆ ಎಂಬುದನ್ನು ಕಾಲೇಜು ಕಂಡ ಯಾರಾದರೂ ಬಲ್ಲರು.

ಮೈಸೂರು ವಿಶ್ವವಿದ್ಯಾಲಯಕ್ಕೆ ನೂರು ದಾಟಿದೆ, ಧಾರವಾಡದ್ದಕ್ಕೆ ಮುಕ್ಕಾಲು ಶತಮಾನ. ಅಲ್ಲಿ ಓದಿದ, ಕಲಿಸಿದ ಲೈಂಗಿಕ ಅಲ್ಪಸಂಖ್ಯಾತರ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ಅದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಒಪ್ಪಿದರೆ ಅವರ ಮಾತನ್ನು ದಾಖಲಿಸುವುದಕ್ಕೆ ಒಂದು ರೆಕಾರ್ಡರು, ಒಂದು ವಿಭಾಗದ ಬೆಂಬಲ ಸಾಕು. ಕೇಂಬ್ರಿಡ್ಜ್ ತನ್ನವರು ಸತ್ತು ಐವತ್ತು ವರ್ಷವಾಗಲಿ ಎಂದು ಕಾಯಿತು. ನಮ್ಮ ವಿಶ್ವವಿದ್ಯಾಲಯಗಳು ಬದುಕಿರುವವರನ್ನೇ ಕೇಳಲಿ, ಈ ಶೈಕ್ಷಣಿಕ ವರ್ಷದಿಂದಲೇ ಶುರುಮಾಡಲಿ.